ಕಾರ್ಡ್‌ಲೆಸ್ ಡ್ರಿಲ್ ಕಟಕಟ ಅನ್ನುತ್ತದೆ, ಗೋಡೆಗೆ ಮಾತ್ರ ಏನೂ ಆಗುತ್ತಿಲ್ಲ. ಮಷೀನ್ ಕೆಟ್ಟಿದೆಯಾ?

ಏಳನೇ_ಮಹಡಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿರುತ್ತೇನೆ, ಬರೆಯುವುದು ಇದೇ ಮೊದಲು.

ಕೆಂಗೇರಿ ಹತ್ತಿರ ಹೊಸ ಫ್ಲ್ಯಾಟಿಗೆ ಬಂದು ಒಂದು ತಿಂಗಳಾಯಿತು. ಸಂಜೆ ಬಿಸಿಲು ನೇರ ಹಾಲಿಗೇ ಬೀಳುತ್ತದೆ, ನಾಲ್ಕು ಗಂಟೆ ಮೇಲೆ ಟಿವಿ ಕಾಣುವುದಿಲ್ಲ. ಕರ್ಟನ್ ರಾಡ್ ಹಾಕಲು ಒಬ್ಬರಿಗೆ ಹೇಳಿದ್ದೆ. ಇವತ್ತು ಬರುತ್ತೇನೆ ಸಾರ್, ನಾಳೆ ಗ್ಯಾರಂಟಿ ಸಾರ್ ಅಂತಲೇ ಎರಡು ವಾರ ಕಳೆಯಿತು. ಕೊನೆಗೆ ಸಿಟ್ಟು ಬಂದು 18 ವೋಲ್ಟಿನ ಕಾರ್ಡ್‌ಲೆಸ್ ಹ್ಯಾಮರ್ ಡ್ರಿಲ್ ನಾನೇ ತರಿಸಿಬಿಟ್ಟೆ. ಎರಡು ಬ್ಯಾಟರಿ, ಚಾರ್ಜರ್, ಜೊತೆಗೆ ಒಂದು ಡಬ್ಬಿ ತುಂಬ ಬಿಟ್‌ಗಳು (ಕೊರೆಯುವ ಕಡ್ಡಿಗಳು).

ಭಾನುವಾರ ಕೆಲಸಕ್ಕೆ ಇಳಿದೆ. ಕಿಟಕಿ ಮೇಲೆ ಪೆನ್ಸಿಲ್ ಗುರುತು ಹಾಕಿ, ಗೋಡೆ ಗಟ್ಟಿ ಇರಬಹುದು, ಪವರ್ ಜಾಸ್ತಿ ಇರಲಿ ಅಂತ ಮುಂದಿನ ರಿಂಗನ್ನು 18ಕ್ಕೆ ತಿರುಗಿಸಿ, ಡಬ್ಬಿಯಲ್ಲಿದ್ದ ಚಿನ್ನದ ಬಣ್ಣದ ಬಿಟ್ ಹಾಕಿ ಒತ್ತಿದೆ. ಮೇಲಿನ ಪುಟ್ಟಿ, ಪ್ಲಾಸ್ಟರ್ ಬೆಣ್ಣೆಯ ಹಾಗೆ ಹೋಯಿತು. ಆಮೇಲೆ ಕಟಕಟಕಟಕಟ ಅಂತ ಶಬ್ದ, ಮೋಟಾರ್ ತಿರುಗುತ್ತದೆ, ಬಿಟ್ ತಿರುಗುವುದಿಲ್ಲ. ನಿಲ್ಲಿಸಿ ಮತ್ತೆ ಒತ್ತಿದರೂ ಅದೇ ಕಥೆ. ಹತ್ತು ನಿಮಿಷ ಹಠ ಮಾಡಿದೆ. ಬಿಟ್ಟಿನ ತುದಿ ನೀಲಿ ಬಣ್ಣಕ್ಕೆ ತಿರುಗಿತು, ಸುಟ್ಟ ವಾಸನೆ ಬಂತು, ಬ್ಯಾಟರಿ ಮುಟ್ಟಿದರೆ ಒಲೆಯಿಂದ ಇಳಿಸಿದ ಪಾತ್ರೆಯ ಹಾಗಿತ್ತು. ಅದನ್ನು ಚಾರ್ಜರಿಗೆ ಹಾಕಿದರೆ ಕೆಂಪು ಲೈಟ್ ಮಿಣುಕುತ್ತದೆ ಅಷ್ಟೆ, ಚಾರ್ಜ್ ಆಗಲಿಲ್ಲ. ಐದು ನಿಮಿಷ ಫ್ರಿಜ್ಜಿನಲ್ಲಿ ಇಡಿ ಅಂತ ನಮ್ಮ ಮಾವ ಹೇಳಿದರು. ಇಟ್ಟಿಲ್ಲ, ಧೈರ್ಯ ಬರಲಿಲ್ಲ.

ಇನ್ನೊಂದು ಹೇಳಲೇಬೇಕು. ಬಿಟ್ ಬದಲಾಯಿಸುವಾಗ ಎಡಗೈಯಲ್ಲಿ ಚಕ್ (ಬಿಟ್ ಕಚ್ಚಿ ಹಿಡಿಯುವ ಮುಂದಿನ ಭಾಗ) ಹಿಡಿದುಕೊಂಡಿದ್ದೆ, ಬಲಗೈ ಬೆರಳು ಗೊತ್ತಿಲ್ಲದೆ ಟ್ರಿಗರ್ ಮೇಲೆ ಹೋಗಿದೆ. ಒಂದು ಸುತ್ತು ತಿರುಗಿತು ಅಷ್ಟೆ, ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತುಬಂತು. ಈಗ ಮನೆಯಲ್ಲಿ ಎಲ್ಲರಿಗೂ ನನ್ನನ್ನು ನೋಡಿದರೆ ನಗು.

ಮಷೀನ್ ವಾಪಸ್ ಕಳಿಸಬೇಕಾ? ಇನ್ನು ಮೂರು ದಿನ ಟೈಮ್ ಇದೆ. ಅಥವಾ ತಪ್ಪು ನನ್ನದೇ ಆದರೆ ಅದನ್ನೂ ಹೇಳಿ, ಬೇಜಾರಿಲ್ಲ.

ಪೀಣ್ಯ_ಫಿಟ್ಟರ್:

ವಾಪಸ್ ಕಳಿಸಬೇಡಿ ಸರ್. ಮಷೀನ್ ಚೆನ್ನಾಗಿಯೇ ಇದೆ. ನೀವು ಅದಕ್ಕೆ ಸ್ಕ್ರೂ ಬಿಗಿ ಮಾಡು ಅಂತ ಹೇಳಿ ಗೋಡೆ ಕೊರೆಯಲು ನಿಲ್ಲಿಸಿದ್ದೀರಿ, ಅದು ಪಾಪ ಹೇಳಿದ ಮಾತು ಕೇಳಿದೆ.

ಮುಂದಿನ ರಿಂಗಿನ ಮೇಲಿರುವ ನಂಬರ್ ಪವರ್ ಅಲ್ಲ. ಅದು ಕ್ಲಚ್. ಸ್ಕ್ರೂ ಹಾಕುವಾಗ ತಲೆ ಸವೆಯಬಾರದು, ಮರ ಸೀಳಬಾರದು ಅಂತ ಇಷ್ಟು ಬಲ ಬಂದ ಮೇಲೆ ಬಿಟ್ಟುಬಿಡು ಅನ್ನುವುದಕ್ಕೆ ಇರುವ ವ್ಯವಸ್ಥೆ. ಸಣ್ಣ ನಂಬರಿನಲ್ಲಿ ಬೇಗ ಬಿಡುತ್ತದೆ, ದೊಡ್ಡ ನಂಬರಿನಲ್ಲಿ ತಡವಾಗಿ. ನೀವು ಕೇಳಿದ ಕಟಕಟ ಅದೇ, ಕ್ಲಚ್ ಜಾರುವ ಶಬ್ದ, ಏನೂ ಮುರಿದಿಲ್ಲ. ನಂಬರ್‌ಗಳೆಲ್ಲ ಮುಗಿದ ಮೇಲೆ ರಿಂಗಿನಲ್ಲಿ ಒಂದು ಡ್ರಿಲ್ ಬಿಟ್ಟಿನ ಚಿತ್ರ, ಅದರ ಪಕ್ಕ ಸುತ್ತಿಗೆಯ ಚಿತ್ರ ಇರುತ್ತದೆ. ಕೆಲವು ಮಷೀನಿನಲ್ಲಿ ಇದಕ್ಕೇ ಬೇರೆ ರಿಂಗ್ ಇರುತ್ತದೆ. ಮರ, ಕಬ್ಬಿಣಕ್ಕೆ ಡ್ರಿಲ್ ಚಿತ್ರ. ಇಟ್ಟಿಗೆ, ಸಿಮೆಂಟಿಗೆ ಸುತ್ತಿಗೆ ಚಿತ್ರ. ಅಂದರೆ ತಿರುಗುತ್ತಲೇ ಏಟೂ ಹಾಕುವ ಹ್ಯಾಮರನ್ನು ನೀವು ಹತ್ತು ನಿಮಿಷ ಹಾಕಿಯೇ ಇರಲಿಲ್ಲ.

ಎರಡನೇದು ಬಿಟ್. ಚಿನ್ನದ ಬಣ್ಣದ್ದು ಕಬ್ಬಿಣ, ಮರಕ್ಕೆ. ಬಣ್ಣ ನೋಡಿ ಗಟ್ಟಿ ಅಂದುಕೊಳ್ಳಬೇಡಿ. ಗೋಡೆಗೆ ಬೇಕಾದದ್ದು ಮೇಸನ್ರಿ ಬಿಟ್. ತುದಿಯಲ್ಲಿ ಅಡ್ಡಕ್ಕೆ ಒಂದು ಸಣ್ಣ ಬಿಲ್ಲೆ ಕೂರಿಸಿರುತ್ತಾರೆ, ಬಾಣದ ತಲೆಯ ಹಾಗೆ ಎರಡೂ ಕಡೆ ಸ್ವಲ್ಪ ಹೊರಗೆ ಚಾಚಿರುತ್ತದೆ. ಅದು ಟಂಗ್‌ಸ್ಟನ್ ಕಾರ್ಬೈಡ್. ನೀಲಿ ಆದ ಆ ಬಿಟ್ ಹದ ಕಳೆದುಕೊಂಡಿದೆ, ಇನ್ನು ಕಬ್ಬಿಣಕ್ಕೂ ಬರುವುದಿಲ್ಲ, ಎಸೆಯಿರಿ.

ಮೂರನೇದು ಗೇರ್. ಮಷೀನಿನ ನೆತ್ತಿ ಮೇಲೆ 1, 2 ಅಂತ ಜಾರುವ ಸ್ವಿಚ್ ಇದೆಯಲ್ಲ, 1 ಅಂದರೆ ನಿಧಾನ, ಬಲ ಜಾಸ್ತಿ. ಸ್ಕ್ರೂಗೆ, ದಪ್ಪ ತೂತಿಗೆ ಅದು. ಗೋಡೆಗೆ 6 ಮಿಲಿಮೀಟರ್ ಬಿಟ್ ಹಾಕಿ ಹ್ಯಾಮರ್ ಮಾಡುವಾಗ 2. ತಿರುಗುತ್ತಿರುವಾಗ ಗೇರ್ ಬದಲಾಯಿಸಬೇಡಿ, ಹಲ್ಲು ಹೋಗುತ್ತದೆ. ಗೇರ್ ಕೂರದಿದ್ದರೆ ಚಕ್ಕನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ, ಕೂರುತ್ತದೆ. ಆದರೆ ಬ್ಯಾಟರಿ ತೆಗೆದು!

ಈಗ ನಿಮ್ಮ ಹೆಬ್ಬೆರಳು. ನಮ್ಮ ಶಾಪಿನಲ್ಲಿ ಹೊಸ ಹುಡುಗರಿಗೆ ಬೇರೆ ಏನು ಹೇಳುವ ಮುಂಚೆ ಇದನ್ನೇ ಹೇಳುತ್ತೇನೆ. ಕೈ ಚಕ್ ಹತ್ತಿರ ಹೋಗಬೇಕಾದರೆ ಬ್ಯಾಟರಿ ಮಷೀನಿನಲ್ಲಿ ಇರಬಾರದು. ವೈರಿನ ಮಷೀನಾದರೆ ಪ್ಲಗ್ ಕಿತ್ತರೆ ಸತ್ತ ಹಾಗೆ ಅಂತ ಎಲ್ಲರಿಗೂ ಗೊತ್ತು. ಇದಕ್ಕೆ ವೈರ್ ಇಲ್ಲದ್ದರಿಂದ ಆಫ್ ಆಗಿದೆ ಅಂತ ಅನ್ನಿಸುತ್ತದೆ, ಅದು ಯಾವಾಗಲೂ ರೆಡಿಯಾಗಿಯೇ ಇರುತ್ತದೆ. ಟ್ರಿಗರ್ ಮೇಲೆ ಎಡಕ್ಕೂ ಬಲಕ್ಕೂ ತಳ್ಳುವ ಗುಂಡಿ ಇದೆ, ಹಿಂದೆ ಮುಂದೆ ತಿರುಗಲು. ಅದನ್ನು ನಡುವೆ ನಿಲ್ಲಿಸಿದರೆ ಟ್ರಿಗರ್ ಲಾಕ್ ಆಗುತ್ತದೆ. ಏಣಿ ಹತ್ತುವಾಗ, ಕೈಯಿಂದ ಕೈಗೆ ಕೊಡುವಾಗ, ಕೆಳಗೆ ಇಡುವಾಗ ನಡುವೆ ಇರಲಿ. ಬಿಟ್ ಬದಲಾಯಿಸುವಾಗ ಲಾಕ್ ಸಾಲದು, ಬ್ಯಾಟರಿ ಹೊರಗೆ. ಚಕ್ ಕೈಯಲ್ಲಿ ಹಿಡಿದು ಮೋಟಾರ್ ತಿರುಗಿಸಿ ಬಿಗಿ ಮಾಡುವ ಸ್ಟೈಲ್ ಇದೆಯಲ್ಲ, ಕಾರ್ಪೆಂಟರ್‌ಗಳು ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಅದು ಬೇಡ.

ಬಿಟ್ ಹಾಕುವಾಗ ಚಕ್ಕಿನ ಮೂರೂ ದವಡೆ ನಡುವೆ ಕೂತಿದೆಯಾ ನೋಡಿ. ಸಣ್ಣ ಬಿಟ್ ಎರಡು ದವಡೆ ಸಂದಿಯಲ್ಲಿ ಸಿಕ್ಕಿಕೊಂಡರೆ ಬಿಗಿ ಆದ ಹಾಗೇ ಅನ್ನಿಸುತ್ತದೆ, ಆನ್ ಮಾಡಿದರೆ ಹುಚ್ಚು ಹಿಡಿದ ಹಾಗೆ ಅಲ್ಲಾಡುತ್ತದೆ. ಬಿಗಿ ಮಾಡಿದ ಮೇಲೆ ಒಂದು ಸಲ ಗಾಳಿಯಲ್ಲಿ ತಿರುಗಿಸಿ ನೋಡಿ, ಆಮೇಲೆ ಗೋಡೆ.

ಮಲ್ಲೇಶ್ವರಂ_ಹಳೆಮನೆ:

ಏಳನೇ ಮಹಡಿಯವರೇ, ನಗಬೇಡಿ ಅಂತ ಮನೆಯವರಿಗೆ ಹೇಳಿ. ನಾನು ಮೊದಲ ದಿನ ಕಾಲು ಗಂಟೆ ಡ್ರಿಲ್ಲನ್ನು ಉಲ್ಟಾ ತಿರುಗಿಸಿಕೊಂಡು ಗೋಡೆ ಒತ್ತಿದ್ದೆ. ರಿವರ್ಸಿನಲ್ಲಿ ಬಿಟ್ ಕೊರೆಯುವುದಿಲ್ಲ, ಉಜ್ಜುತ್ತದೆ ಅಷ್ಟೆ. ಪಕ್ಕದ ಮನೆ ಎಂಟನೇ ಕ್ಲಾಸ್ ಹುಡುಗ ಬಂದು "ಆಂಟಿ, ಗುಂಡಿ ಆ ಕಡೆ ಒತ್ತಿ" ಅಂದ.

ಫಿಟ್ಟರ್ ಅವರು ಹೇಳಿದ್ದೆಲ್ಲ ಸರಿ. ನಾನು ಹೇಳುವುದು ಇಷ್ಟೆ, ಮೊದಲು ನಿಮ್ಮ ಗೋಡೆ ಯಾವುದು ಅಂತ ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ ಒಂದೊಂದು ಕಾಲದ ಮನೆಗೆ ಒಂದೊಂದು ಗೋಡೆ. ನಮ್ಮದು ಅಜ್ಜನ ಕಾಲದ್ದು, ಕೆಳಗೆ ಸೈಜುಗಲ್ಲು, ಮೇಲೆ ಇಟ್ಟಿಗೆ. ಕಲ್ಲು ಸಿಕ್ಕಿತೋ ಕಾರ್ಡ್‌ಲೆಸ್ ಕೈ ಎತ್ತುತ್ತದೆ, ಕಲ್ಲಿನ ಸಂದಿಯ ಗಾರೆ ಹುಡುಕಬೇಕು. ನನ್ನ ತಂಗಿಯ ಅಪಾರ್ಟ್‌ಮೆಂಟಿನಲ್ಲಿ ರೂಮಿನ ನಡುವಿನ ಗೋಡೆ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಬ್ಲಾಕ್, ಬಿಳಿ, ಹಗುರ, ಉಗುರಲ್ಲಿ ಕೆರೆದರೂ ಬರುತ್ತದೆ. ಅದಕ್ಕೆ ಹ್ಯಾಮರ್ ಹಾಕಿದರೆ ತೂತು ಬಾವಿ ಆಗುತ್ತದೆ, ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಮಾಮೂಲು ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದೇ ಇಲ್ಲ.

ತಿಳಿಯುವುದು ಹೇಗೆ ಅಂದರೆ ಧೂಳು ನೋಡಿ. ಕಣ್ಣಿಗೆ ಕಾಣದ ಮೂಲೆಯಲ್ಲಿ ಒಂದು ಸಣ್ಣ ತೂತು ಹಾಕಿ, ಕೆಳಗೆ ಬಿಳಿ ಹಾಳೆ ಹಿಡಿಯಿರಿ. ಮೊದಲು ಬೀಳುವ ಬಿಳಿ ಪುಡಿ ಪುಟ್ಟಿಯದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಮೇಲೆ ಕೆಂಪು ಬಂದರೆ ಇಟ್ಟಿಗೆ, ನಿಮ್ಮ ಪುಣ್ಯ. ಬೂದು ಬಣ್ಣದ ದೊರಗು ಪುಡಿ, ಮಧ್ಯೆ ಮಧ್ಯೆ ಸಲೀಸಾಗಿ ಹೋದರೆ ಸಿಮೆಂಟ್ ಬ್ಲಾಕ್. ಬಿಳಿ ಪುಡಿಯೇ ಕೊನೆವರೆಗೂ ಮೈದಾ ಹಿಟ್ಟಿನ ಹಾಗೆ ಬಂದರೆ ಎಎಸಿ. ಬೂದು ಬಣ್ಣದ ನುಣ್ಣನೆ ಪುಡಿ ಬಂದು, ಬಿಟ್ ಕಿರ್ ಅಂತ ಅಲ್ಲೇ ನಿಂತರೆ ಕಾಂಕ್ರೀಟ್.

ನಿಮ್ಮದು ಕಾಂಕ್ರೀಟೇ ಅಂತ ನನ್ನ ಅನುಮಾನ. ಕಿಟಕಿ ಮೇಲೆ ಅಂದಿರಲ್ಲ, ಅಲ್ಲಿ ಲಿಂಟಲ್ ಇರುತ್ತದೆ, ಅಂದರೆ ಕಾಂಕ್ರೀಟ್ ತೊಲೆ, ಒಳಗೆ ಕಂಬಿ. ಹೊಸ ಎತ್ತರದ ಬಿಲ್ಡಿಂಗುಗಳಲ್ಲಿ ಈಗ ಪೂರ್ತಿ ಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ, ಮೈವಾನ್ ಅಂತಾರೆ.

ಕೂದಲು, ವೇಲ್ ಬಗ್ಗೆ ಹೆಣ್ಣುಮಕ್ಕಳಿಗೆ ಒಂದು ಮಾತು. ಜಡೆ ಮೇಲೆ ಕಟ್ಟಿ. ವೇಲ್ ತೆಗೆದಿಡಿ, ಬಳೆ, ಉದ್ದದ ಸರ ತೆಗೆಯಿರಿ ಅಥವಾ ಒಳಗೆ ಸೇರಿಸಿ. ಗಂಡಸರು ಹೆಗಲ ಮೇಲೆ ಟವಲ್ ಹಾಕಿಕೊಂಡು ಡ್ರಿಲ್ ಹಿಡಿಯುವುದನ್ನೂ ನೋಡಿದ್ದೇನೆ, ಅದೂ ಅಷ್ಟೇ ಅಪಾಯ.

ಧೂಳು ಮನೆಯೆಲ್ಲ ಹರಡದಿರಲು ನಾನು ಮಾಡುವುದು, ಹಳೇ ಕ್ಯಾಲೆಂಡರ್ ಹಾಳೆಯನ್ನು ದೋಣಿಯ ಹಾಗೆ ಮಡಚಿ ತೂತಿನ ಕೆಳಗೆ ಮಾಸ್ಕಿಂಗ್ ಟೇಪಿನಲ್ಲಿ ಅಂಟಿಸುತ್ತೇನೆ. ಮುಕ್ಕಾಲು ಪಾಲು ಅದರೊಳಗೇ ಬೀಳುತ್ತದೆ.

ಏಳನೇ_ಮಹಡಿ:

ಥ್ಯಾಂಕ್ಸ್ ಫಿಟ್ಟರ್ ಸರ್, ಥ್ಯಾಂಕ್ಸ್ ಮೇಡಂ. ಈಗಷ್ಟೇ ಹೋಗಿ ನೋಡಿದೆ, ಸುತ್ತಿಗೆ ಚಿತ್ರ ಇದೆ! ಇಷ್ಟು ದಿನ ಅದು ಕಂಪನಿಯ ಲೋಗೋ ಅಂದುಕೊಂಡಿದ್ದೆ.

ಬ್ಯಾಟರಿ ತಣ್ಣಗಾದ ಮೇಲೆ ತಾನಾಗಿಯೇ ಚಾರ್ಜ್ ಆಯಿತು. ಇದು ಸರಿ ಇದೆಯಾ, ಒಳಗೆ ಏನಾದರೂ ಹಾಳಾಗಿರುತ್ತದಾ? ಮತ್ತೆ ಕೈಗೆ ಗ್ಲೌಸ್ ಹಾಕಿದ್ದರೆ ಚರ್ಮ ಉಳಿಯುತ್ತಿತ್ತು ಅಂತ ನಮ್ಮ ಮಾವ. ಹೌದಾ?

ಸೆಲ್_ಲೆಕ್ಕ:

ಬ್ಯಾಟರಿ ವಿಷಯ ನನಗೆ ಬಿಡಿ, ದಿನವಿಡೀ ಅದೇ ಕೆಲಸ.

ಮಿಣುಕುವ ಕೆಂಪು ಲೈಟ್ ಅಂದರೆ ಹೆಚ್ಚಿನ ಚಾರ್ಜರ್‌ಗಳಲ್ಲಿ "ಬಿಸಿ ಇದೆ, ಕಾಯಿ" ಅಂತ ಅರ್ಥ. ನಿಮ್ಮ ಮ್ಯಾನ್ಯುಯಲಿನಲ್ಲಿ ಒಮ್ಮೆ ನೋಡಿಕೊಳ್ಳಿ. ತಣ್ಣಗಾಗಿ ಚಾರ್ಜ್ ಆಗಿದೆ ಅಂದಮೇಲೆ ಚಿಂತೆ ಬೇಡ. 18 ವೋಲ್ಟ್ ಪ್ಯಾಕಿನೊಳಗೆ ಲಿಥಿಯಂ ಅಯಾನ್ ಸೆಲ್‌ಗಳು ಐದೈದರ ಸಾಲಿನಲ್ಲಿ ಇರುತ್ತವೆ, ಒಂದೊಂದು 3.6 ವೋಲ್ಟ್, ಐದು ಸೇರಿ 18. ಪೂರ್ತಿ ಚಾರ್ಜ್ ಆದಾಗ ಒಂದೊಂದು 4.2ಕ್ಕೆ ಹೋಗುತ್ತದೆ, ಆಗ 21. ಅದಕ್ಕೇ ಕೆಲವರು ಇದನ್ನೇ 20 ವೋಲ್ಟ್ ಮ್ಯಾಕ್ಸ್ ಅಂತ ಮಾರುತ್ತಾರೆ. ಎರಡೂ ಒಂದೇ, 20 ಅಂತ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಫ್ರಿಜ್ಜಿನಲ್ಲಿ ಇಡದೆ ಇದ್ದದ್ದು ಒಳ್ಳೆಯದಾಯಿತು. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲ್ ಹೊರಗೆ ಬೆವರುತ್ತದಲ್ಲ, ಬ್ಯಾಟರಿಯೂ ಹಾಗೇ ಬೆವರುತ್ತದೆ, ಒಳಗಿನ ಸರ್ಕ್ಯೂಟಿಗೆ ತೇವ ಸೇರುತ್ತದೆ. ಸುಮ್ನೆ ಫ್ಯಾನ್ ಕೆಳಗೆ ಅರ್ಧ ಗಂಟೆ ಇಟ್ಟರೆ ಸಾಕು. ಎರಡು ಬ್ಯಾಟರಿ ಇವೆ, ಒಂದು ಬಿಸಿ ಆದರೆ ಇನ್ನೊಂದು ಹಾಕಿ.

ಹಳೇ ನಿಕ್ಕಲ್ ಕ್ಯಾಡ್ಮಿಯಂ ಕಾಲದ ಬುದ್ಧಿವಾದ ಇನ್ನೂ ಓಡಾಡುತ್ತಿದೆ, ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡಿ ಅಂತ. ಲಿಥಿಯಂಗೆ ಅದು ಬೇಡ, ಹಾಗೆ ಮಾಡಿದರೆ ಆಯಸ್ಸು ಕಡಿಮೆಯಾಗುತ್ತದೆ. ಬಲ ಇಳಿದ ಹಾಗೆ ಅನ್ನಿಸಿದ ಕೂಡಲೇ ತೆಗೆದು ಚಾರ್ಜಿಗೆ ಹಾಕಿ. ಕಾರ್ಡ್‌ಲೆಸ್ ಇಟ್ಟುಕೊಂಡ ಮನೆಗಳಲ್ಲಿ ಬ್ಯಾಟರಿ ಸಾಯುವುದು ಕೆಲಸ ಮಾಡಿ ಅಲ್ಲ, ಕೆಲಸ ಇಲ್ಲದೆ. ಕರ್ಟನ್ ಹಾಕಿ ಆಯಿತು ಅಂತ ಖಾಲಿ ಬ್ಯಾಟರಿಯನ್ನು ಅಟ್ಟದ ಮೇಲೆ ಎಸೆದು ಮುಂದಿನ ದೀಪಾವಳಿಗೆ ತೆಗೆದರೆ ಚಾರ್ಜರ್ ಅದನ್ನು ಗುರುತೇ ಹಿಡಿಯುವುದಿಲ್ಲ. ಎತ್ತಿಡುವಾಗ ಅರ್ಧ ಚಾರ್ಜ್ ಇರಲಿ, ನಾಲ್ಕು ಲೈಟಿನಲ್ಲಿ ಎರಡು ಉರಿದರೆ ಸರಿ. ಮಷೀನಿನಿಂದ ಬಿಚ್ಚಿ ಇಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಒಂದು ಲೈಟಿಗೆ ಇಳಿದಿದ್ದರೆ ಸ್ವಲ್ಪ ತುಂಬಿಸಿ.

ಮಾರ್ಚ್, ಏಪ್ರಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲೋ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೋ ಬಿಡಬೇಡಿ. ಬಿಡಿ ಬ್ಯಾಟರಿಯನ್ನು ಮೊಳೆ, ಸ್ಕ್ರೂ ಇರುವ ಡಬ್ಬಿಯಲ್ಲಿ ಹಾಕಬೇಡಿ. ಎರಡು ಟರ್ಮಿನಲ್ ಮಧ್ಯೆ ಒಂದು ಮೊಳೆ ಅಡ್ಡ ಬಿದ್ದರೆ ಕೆಂಪಗೆ ಕಾಯುತ್ತದೆ. ಜೊತೆಗೆ ಬಂದ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ಅದು ಇರುವುದೇ ಇದಕ್ಕೆ. ರಾತ್ರಿ ಮಲಗುವ ಮುಂಚೆ ಚಾರ್ಜಿಗೆ ಹಾಕಿ ಬೆಳಿಗ್ಗೆ ತೆಗೆಯುವ ಅಭ್ಯಾಸವೂ ಬೇಡ. ಎದ್ದಿರುವಾಗ, ಹಾಸಿಗೆ, ಸೋಫಾ ಮೇಲೆ ಅಲ್ಲದೆ ನೆಲದ ಮೇಲೋ ಗ್ರಾನೈಟ್ ಕಟ್ಟೆ ಮೇಲೋ ಇಟ್ಟು ಚಾರ್ಜ್ ಮಾಡಿ.

ಏಣಿಯಿಂದ ಬಿದ್ದು ಮೈ ಸೀಳಿದ, ಆಕಾರ ಕೆಟ್ಟ, ಸಿಹಿ ಸಿಹಿ ಕೆಮಿಕಲ್ ವಾಸನೆ ಬರುವ ಪ್ಯಾಕನ್ನು ಮತ್ತೆ ಚಾರ್ಜ್ ಮಾಡಲೇಬೇಡಿ. ಕಸದ ಗಾಡಿಗೂ ಕೊಡಬೇಡಿ, ಗಾಡಿಯೊಳಗೆ ಕಸ ಒತ್ತುವಾಗ ಜಜ್ಜಿ ಬೆಂಕಿ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಿಸಿದವರದ್ದೇ. ಟರ್ಮಿನಲ್ಲಿಗೆ ಟೇಪ್ ಸುತ್ತಿ ಸರ್ವಿಸ್ ಸೆಂಟರಿಗೋ ಇ-ವೇಸ್ಟ್ ತೆಗೆದುಕೊಳ್ಳುವವರಿಗೋ ಕೊಡಿ.

ಗ್ಲೌಸ್ ಬಗ್ಗೆ ನನ್ನ ಅಭಿಪ್ರಾಯ, ಹಾಕಿಕೊಳ್ಳುವುದು ಒಳ್ಳೆಯದು.

ಪೀಣ್ಯ_ಫಿಟ್ಟರ್:

@ಸೆಲ್_ಲೆಕ್ಕ ಬ್ಯಾಟರಿ ವಿಷಯ ಪೂರ್ತಿ ಒಪ್ಪಿದೆ ಗುರುವೇ. ಗ್ಲೌಸ್ ಮಾತ್ರ ಒಪ್ಪಲ್ಲ. ತಿರುಗುವ ಬಿಟ್ ಮುಂದೆ ಬಟ್ಟೆ ಗ್ಲೌಸ್ ಹಾಕಿದ ಕೈ ಇಟ್ಟರೆ ಒಂದು ನೂಲು ಸಿಕ್ಕಿಕೊಂಡರೆ ಸಾಕು, ಗ್ಲೌಸ್ ಜೊತೆ ಬೆರಳೂ ಸುತ್ತಿಕೊಳ್ಳುತ್ತದೆ. ಬರಿಗೈ ಆದರೆ ಚರ್ಮ ಹೋಗುತ್ತದೆ, ಇವರಿಗೆ ಹೋದ ಹಾಗೆ. ಗ್ಲೌಸ್ ಆಗಿದ್ದರೆ ಬೆರಳೇ ತಿರುಚಿಕೊಳ್ಳುತ್ತಿತ್ತು. ಬಿಟ್ ಬಿಸಿ ಇದೆ, ಕಬ್ಬಿಣದ ಚೂರು ಗುಡಿಸಬೇಕು, ಆಗ ಹಾಕಿ. ಮಷೀನ್ ತಿರುಗುವಾಗ ಬೇಡ.

ಕಣ್ಣಿಗೆ ಕನ್ನಡಕ ಮಾತ್ರ ತಪ್ಪದೇ ಹಾಕಿ. ತಲೆಗಿಂತ ಎತ್ತರದಲ್ಲಿ ಕೊರೆಯುತ್ತಿದ್ದೀರಿ, ಧೂಳೆಲ್ಲ ನೇರ ಕಣ್ಣಿಗೇ ಬೀಳುತ್ತದೆ. ನಂಬರ್ ಕನ್ನಡಕ ಲೆಕ್ಕಕ್ಕಿಲ್ಲ, ಪಕ್ಕ ಮುಚ್ಚಿರುವ ಸೇಫ್ಟಿ ಕನ್ನಡಕ ಬೇಕು. ಮೂಗಿಗೆ ಎನ್95. ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಕಲ್ಲು ಕೆಲಸದವರ ಶ್ವಾಸಕೋಶ ಹಾಳಾಗುವುದು ಇದರಿಂದಲೇ. ನಾಲ್ಕು ತೂತಿಗೆ ಏನೂ ಆಗುವುದಿಲ್ಲ ನಿಜ, ಆದರೆ ಕೋವಿಡ್ ಕಾಲದ ಮಾಸ್ಕ್ ಮನೆಯಲ್ಲಿ ಬಿದ್ದಿರುತ್ತದಲ್ಲ, ಹಾಕಿಕೊಂಡರೆ ಗಂಟೇನು ಹೋಗುತ್ತದೆ?

ಇನ್ನು ಕಾಂಕ್ರೀಟ್. ನಿಮ್ಮ ಕಾರ್ಡ್‌ಲೆಸ್ಸಿನ ಹ್ಯಾಮರ್ ಅಂದರೆ ಒಳಗೆ ಎರಡು ಹಲ್ಲಿನ ಬಿಲ್ಲೆ, ಒಂದರ ಮೇಲೆ ಒಂದು ಉಜ್ಜಿ ಎಗರುತ್ತವೆ. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮೇಲೆ ಏಟು, ಆದರೆ ಒಂದೊಂದೂ ಚಿಟಿಕೆ ಹೊಡೆದ ಹಾಗೆ. ಅದಕ್ಕೇ ನೀವು ಹಿಂದಿನಿಂದ ಒತ್ತಬೇಕು. ಕಟ್ಟಡದವರ ಕೈಯಲ್ಲಿ ಇರುವ ರೋಟರಿ ಹ್ಯಾಮರ್ ಬೇರೆ ಜಾತಿ. ಅದರೊಳಗೆ ಪಿಸ್ಟನ್ ಗಾಳಿ ಒತ್ತಿ ಏಟು ಹಾಕುತ್ತದೆ, ನಿಮಿಷಕ್ಕೆ ನಾಲ್ಕೈದು ಸಾವಿರವೇ ಇರಬಹುದು, ಒಂದೊಂದೂ ಸುತ್ತಿಗೆ ಏಟು. ಬಿಟ್ಟೂ ಬೇರೆ, ಎಸ್‌ಡಿಎಸ್ ಅಂತಾರೆ, ಹಿಂದಿನ ತುದಿಯಲ್ಲಿ ಉದ್ದಕ್ಕೆ ಕಾಲುವೆ ಕೊರೆದಿರುತ್ತದೆ, ನಿಮ್ಮ ಚಕ್ಕಿಗೆ ಕೂರುವುದಿಲ್ಲ. ಲಿಂಟಲ್ಲಿನಲ್ಲಿ ನಾಲ್ಕು 6 ಮಿಲಿಮೀಟರ್ ತೂತು ಕಾರ್ಡ್‌ಲೆಸ್ಸಿನಲ್ಲಿ ಆಗುತ್ತದೆ, ನಿಧಾನ ಅಷ್ಟೆ. ಮನೆ ಪೂರ್ತಿ ಮೈವಾನ್ ಆಗಿದ್ದು ಮೂವತ್ತು ನಲವತ್ತು ತೂತು ಬೇಕಾದರೆ ರೋಟರಿ ಬಾಡಿಗೆಗೆ ತನ್ನಿ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಕೊರೆಯುವ ರೀತಿ ಹೇಳುತ್ತೇನೆ. ಸ್ಟೂಲ್ ಮೇಲೆ ನಿಂತು ಕೈ ಚಾಚಿ ಒತ್ತಬೇಡಿ, ಏಣಿ ಮೇಲೆ ಎದೆ ಮಟ್ಟಕ್ಕೆ ಬರುವ ಹಾಗೆ ನಿಲ್ಲಿ. ಪಕ್ಕದ ಹಿಡಿ ಕೊಟ್ಟಿದ್ದರೆ ಹಾಕಿಕೊಳ್ಳಿ, ಬಿಟ್ ಸಿಕ್ಕಿಕೊಂಡಾಗ ಮಷೀನ್ ಮಣಿಕಟ್ಟು ತಿರುಚದ ಹಾಗೆ ತಡೆಯುತ್ತದೆ. ಪ್ಲಗ್ಗಿನ ಉದ್ದಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿ ಆಳ ಬೇಕು, ಬಿಟ್ಟಿನ ಮೇಲೆ ಅಷ್ಟಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ. ಮೊದಲ ನಾಲ್ಕು ಮಿಲಿಮೀಟರ್ ಹ್ಯಾಮರ್ ಇಲ್ಲದೆ ನಿಧಾನಕ್ಕೆ, ಇಲ್ಲದಿದ್ದರೆ ಬಿಟ್ ಗೋಡೆ ಮೇಲೆ ಡ್ಯಾನ್ಸ್ ಮಾಡುತ್ತದೆ. ಆಮೇಲೆ ಹ್ಯಾಮರ್. ಹತ್ತು ಸೆಕೆಂಡ್ ಒತ್ತಿ, ತಿರುಗಿಸುತ್ತಲೇ ಹೊರಗೆ ಎಳೆದು ಧೂಳು ಬೀಳಿಸಿ, ಮತ್ತೆ ಒತ್ತಿ. ಪೂರ್ತಿ ಆಳಕ್ಕೆ ಒಂದೇ ಉಸಿರಿನಲ್ಲಿ ಹೋಗಬೇಡಿ. ಟಣ್ ಅಂತ ಶಬ್ದ ಬದಲಾಗಿ ಮುಂದೆ ಹೋಗಲಿಲ್ಲ ಅಂದರೆ ಕಂಬಿ. ಅಲ್ಲಿಗೇ ಬಿಡಿ, ಒಂದೂವರೆ ಇಂಚು ಆಚೆ ಹಾಕಿ. ಕಂಬಿ ಕೊರೆಯುವ ಹಠ ಬೇಡ, ಬಿಟ್ ಹೋಗುತ್ತದೆ, ಲಿಂಟಲ್ಲಿಗೂ ಒಳ್ಳೆಯದಲ್ಲ.

ಕರೆಂಟ್_ಕೆಲಸ:

ಎಲ್ಲರೂ ಗೋಡೆ, ಬಿಟ್ ಅಂತ ಹೇಳಿದಿರಿ, ಗೋಡೆಯೊಳಗಿನ ವೈರ್ ಬಗ್ಗೆ ಯಾರೂ ಹೇಳಲಿಲ್ಲ.

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಹಾಕಬೇಡಿ. ಪೈಪ್ ಹೆಚ್ಚಾಗಿ ಸೂರಿನಿಂದ ನೇರ ಬೋರ್ಡಿಗೆ ಇಳಿದಿರುತ್ತದೆ. ಎಸಿ ಪಾಯಿಂಟ್, ಗೋಡೆ ಲೈಟಿನ ಪಾಯಿಂಟ್‌ಗೂ ಇದೇ ಮಾತು. ಕಿಟಕಿ ಪಕ್ಕ ಎಸಿ ಪಾಯಿಂಟ್ ಇರುವುದು ಮಾಮೂಲು, ಕರ್ಟನ್ ಬ್ರಾಕೆಟ್ ಸರಿಯಾಗಿ ಅದೇ ಗೆರೆಗೆ ಬರುತ್ತದೆ. ಬಾತ್‌ರೂಮಿನಲ್ಲಿ ನಲ್ಲಿ, ಗೀಸರ್ ನಡುವೆ ನೀರಿನ ಪೈಪ್ ಇರುತ್ತದೆ. ಬಿಲ್ಡರ್ ಕೊಟ್ಟ ವೈರಿಂಗ್ ಡ್ರಾಯಿಂಗ್ ಇದ್ದರೆ ನೋಡಿ, ಆದರೆ ಪೂರ್ತಿ ನಂಬಬೇಡಿ. ಸೈಟಿನಲ್ಲಿ ಪೈಪಿಗೆ ಗೋಡೆ ಕೊರೆಯುವವನು ಡ್ರಾಯಿಂಗ್ ನೋಡಿ ಕೊರೆಯುವುದಿಲ್ಲ, ಅದು ನನ್ನ ಅನುಭವ.

ಕಾರ್ಡ್‌ಲೆಸ್ಸಿನ ದೊಡ್ಡ ಲಾಭ ಏನು ಗೊತ್ತಾ, ಮನೆಯ ಮೇನ್ ಆಫ್ ಮಾಡಿಕೊಂಡು ಕೆಲಸ ಮಾಡಬಹುದು. ಹಗಲಲ್ಲಿ ಮಾಡಿ, ಮೇನ್ ಇಳಿಸಿ. ಆದರೆ ಮನೆಯಲ್ಲಿ ಯುಪಿಎಸ್ ಇದ್ದರೆ ಹುಷಾರು. ಮೇನ್ ಇಳಿಸಿದ ತಕ್ಷಣ ಯುಪಿಎಸ್ ಎದ್ದು ಲೈಟ್, ಫ್ಯಾನ್ ಲೈನಿಗೆಲ್ಲ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಕರೆಂಟ್ ತೆಗೆದಿದ್ದೇನೆ ಅಂತ ನೀವು ಅಂದುಕೊಂಡಿರುತ್ತೀರಿ, ಗೋಡೆಯೊಳಗೆ ಇರುತ್ತದೆ. ಯುಪಿಎಸ್ಸನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ಒಂದು ಸ್ವಿಚ್ ನೋಡಿ, ಆಮೇಲೆ ಏಣಿ ಹತ್ತಿ. ಡ್ರಿಲ್ಲಿನ ಮೈ ಪ್ಲಾಸ್ಟಿಕ್ ಆದರೂ ಎಷ್ಟೋ ಮಷೀನಿನಲ್ಲಿ ಚಕ್ ಲೋಹದ್ದು. ಕೊರೆಯುವಾಗ ಚಕ್ ಮೇಲೆ ಕೈ ಇಡಬೇಡಿ, ಹಿಂದಿನ ಹಿಡಿ, ಪಕ್ಕದ ಹಿಡಿಯಲ್ಲೇ ಹಿಡಿಯಿರಿ.

ಸೀಲಿಂಗಿಗೆ ಉಯ್ಯಾಲೆ ಹಾಕುವ ಆಸೆ ಇದ್ದರೆ ಮೊದಲು ಅಸೋಸಿಯೇಷನ್ನಿನವರನ್ನು ಕೇಳಿ. ಕೆಲವು ಕಟ್ಟಡದ ಸ್ಲ್ಯಾಬಿನಲ್ಲಿ ಎಳೆದು ಬಿಗಿದ ಉಕ್ಕಿನ ಕೇಬಲ್ ಇರುತ್ತದೆ, ಪೋಸ್ಟ್ ಟೆನ್ಷನ್ ಅಂತಾರೆ. ಅದನ್ನು ಮುಟ್ಟುವ ಹಾಗೇ ಇಲ್ಲ.

ಚಂದ್ರಾಲೇಔಟ್_ಸುಮ್ಸುಮ್ನೆ:

ಫಿಟ್ಟರ್ ಅಣ್ಣ ಧೂಳು ಬೀಳಿಸಿ ಅಂದದ್ದಕ್ಕೆ ಒಂದು ಸಣ್ಣ ಕಥೆ. ಕೆಲಸಕ್ಕೆ ಬಾರದ ಕಥೆ, ಬೇಕಾದವರು ಓದಿ. ಬ್ಲ್ಯಾಕ್ ಅಂಡ್ ಡೆಕರ್ ಮೊದಲ ಕಾರ್ಡ್‌ಲೆಸ್ ಡ್ರಿಲ್ ಮಾಡಿದ್ದು 1961ರಲ್ಲಿ. ಹತ್ತು ವರ್ಷ ಬಿಟ್ಟು 1971ರಲ್ಲಿ ಅಪೋಲೊ 15ರವರು ಬ್ಯಾಟರಿ ಡ್ರಿಲ್ಲನ್ನು ಚಂದ್ರನ ಮೇಲಕ್ಕೇ ಒಯ್ದರು, ನೆಲದೊಳಗಿನ ಬಿಸಿ ಅಳೆಯಲು ತೂತು ಬೇಕಿತ್ತು. ಗಗನಯಾತ್ರಿ ಡೇವಿಡ್ ಸ್ಕಾಟ್ ಎಷ್ಟು ಒತ್ತಿದರೂ ಅಂದುಕೊಂಡ ಆಳದ ಅರ್ಧದ ಹತ್ತಿರಕ್ಕೇ ನಿಂತುಹೋಯಿತು. ಕಾರಣ ಪವರ್ ಅಲ್ಲ. ಕೊಳವೆಗಳ ಜೋಡಣೆ ಇರುವ ಕಡೆ ಧೂಳು ಮೇಲೆ ತರುವ ಸುರುಳಿ ಸರಿ ಇರಲಿಲ್ಲ, ಪುಡಿ ಅಲ್ಲೇ ಗಟ್ಟಿಯಾಗಿ ಕೂತು ಬಿಗಿ ಹಿಡಿಯಿತು. ಮುಂದಿನ ಅಪೋಲೊ 16ಕ್ಕೆ ಅದನ್ನು ತಿದ್ದಿದರು. ಹಾಗಾಗಿ ಏಳನೇ ಮಹಡಿಯವರೇ, ನಿಮಗೆ ಒಳ್ಳೆ ಕಂಪನಿ ಇದೆ.

ಮಲ್ಲೇಶ್ವರಂ_ಹಳೆಮನೆ:

ಕೆಲಸಕ್ಕೆ ಬಾರದ ಕಥೆ ಅಂತ ಯಾಕಂದಿರಿ, ನನಗಂತೂ ಇಷ್ಟವಾಯಿತು.

ಫಿಟ್ಟರ್ ಅವರೇ, ಮಷೀನ್ ಕ್ಲೀನ್ ಮಾಡುವುದು ಹೇಗೆ? ನಮ್ಮಲ್ಲಿ ಚಕ್ ಈಗ ತಿರುಗುವಾಗ ಕರಕರ ಅನ್ನುತ್ತದೆ. ಎಣ್ಣೆ ಬಿಡಲಾ? ಮೋಟಾರಿನ ಸಂದಿಯಲ್ಲಿ ನೀಲಿ ಕಿಡಿ ಕಾಣುತ್ತದೆ, ಅದೂ ಭಯ.

ಪೀಣ್ಯ_ಫಿಟ್ಟರ್:

ಮೇಡಂ, ಬ್ಯಾಟರಿ ತೆಗೆದು ಚಕ್ಕನ್ನು ಪೂರ್ತಿ ತೆರೆಯಿರಿ. ಬಾಯಿ ಕೆಳಗೆ ಮಾಡಿ ಅಂಗೈಗೆ ತಟ್ಟಿ, ತಲೆ ಮೇಲೆ ಕೊರೆದ ಮಷೀನಾದರೆ ಚಹಾ ಚಮಚದಷ್ಟು ಪುಡಿ ಬೀಳುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ದವಡೆ ಉಜ್ಜಿ, ನಾಲ್ಕು ಸಲ ತೆರೆದು ಮುಚ್ಚಿ. ಹೆಚ್ಚು ಸಲ ಅಷ್ಟಕ್ಕೇ ಸರಿ ಹೋಗುತ್ತದೆ. ಎಣ್ಣೆ ಸುರಿಯಬೇಡಿ, ಧೂಳು ಎಣ್ಣೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ಕೊಬ್ಬರಿ ಎಣ್ಣೆ ಅಂತೂ ಬೇಡವೇ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ತೀರಾ ಬಿಗಿ ಇದ್ದರೆ ಹೊಲಿಗೆ ಮಷೀನ್ ಎಣ್ಣೆ ಒಂದು ತೊಟ್ಟು ದವಡೆಗೆ, ಮಿಕ್ಕಿದ್ದು ಒರೆಸಿಬಿಡಿ.

ಮೈ ಒರೆಸಲು ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಸಾಕು. ಥಿನ್ನರ್, ಪೆಟ್ರೋಲ್ ಹಾಕಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಗಾಳಿ ಕಿಂಡಿಗಳನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ. ಕೊರೆಯುವಾಗ ಕೈ ಅಲ್ಲಿಗೆ ಅಡ್ಡ ಇಟ್ಟು ಹಿಡಿಯಬೇಡಿ, ಮೋಟಾರ್ ಉಸಿರಾಡುವುದು ಅಲ್ಲಿಂದಲೇ.

ಕಿಡಿ ಅಂದಿರಲ್ಲ, ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಇರುವ ಮೋಟಾರಿನಲ್ಲಿ ಚಿಕ್ಕ ನೀಲಿ ಕಿಡಿ ಸಹಜ. ದೊಡ್ಡದಾಗಿ ಕಿತ್ತಳೆ ಬಣ್ಣದ ಕಿಡಿ ಸುತ್ತು ಹಾಕುತ್ತಿದ್ದರೆ, ಮೋಟಾರ್ ನಿಂತು ನಿಂತು ತಿರುಗಿದರೆ ಕಾರ್ಬನ್ ಸವೆದಿದೆ. ಬದಲಾಯಿಸುವ ಮಾಡೆಲ್ ಆದರೆ ಎಸ್‌ಜೆಪಿ ರೋಡಿನಲ್ಲಿ ಹಳೇ ಕಾರ್ಬನ್ ತೋರಿಸಿದರೆ ಅಳತೆಗೆ ಸರಿಯಾದದ್ದು ಕೊಡುತ್ತಾರೆ. ಬ್ರಷ್‌ಲೆಸ್ ಆದರೆ ಈ ತಾಪತ್ರಯವೇ ಇಲ್ಲ. ಕಿಡಿ ಬರುವ ಮಷೀನಿಗೆ ಗ್ಯಾಸ್ ಸಿಲಿಂಡರ್, ಪೇಂಟ್ ಥಿನ್ನರ್ ಹತ್ತಿರ ಕೆಲಸ ಕೊಡಬೇಡಿ.

ಏಳನೇ_ಮಹಡಿ:

ಅಪ್‌ಡೇಟ್. ಶನಿವಾರ ಮಧ್ಯಾಹ್ನ ಮೇನ್ ಇಳಿಸಿ, ಯುಪಿಎಸ್ ಆಫ್ ಮಾಡಿ (ಹೌದು, ಟೆಸ್ಟರ್ ಇಟ್ಟಾಗ ಮೊದಲು ಹೊತ್ತಿಕೊಂಡೇ ಇತ್ತು, ಎದೆ ಧಸಕ್ ಅಂದಿತು), ಕ್ಯಾಲೆಂಡರ್ ದೋಣಿ ಅಂಟಿಸಿ, 6 ಮಿಲಿಮೀಟರ್ ಮೇಸನ್ರಿ ಬಿಟ್ ಹಾಕಿ ಶುರು ಮಾಡಿದೆ. ಬೂದು ಪುಡಿ, ನುಣ್ಣಗೆ. ಮೇಡಂ ಹೇಳಿದ ಹಾಗೆ ಕಾಂಕ್ರೀಟೇ. ಒಂದು ತೂತಿಗೆ ಮೂರು ನಾಲ್ಕು ನಿಮಿಷ ಆಯಿತು, ಆದರೆ ಆಯಿತು! ಮೂರನೇದರಲ್ಲಿ ಟಣ್ ಅಂದಿತು. ಒಂದೂವರೆ ಇಂಚು ಪಕ್ಕಕ್ಕೆ ಹೋದೆ. ಈಗ ಎಡಗಡೆ ಬ್ರಾಕೆಟ್ ಸ್ವಲ್ಪ ಒಳಗೆ ಇದೆ, ಪರದೆ ಹಾಕಿದ ಮೇಲೆ ನನಗೂ ಹೆಂಡತಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

ಮುಂದಿನದು ಬೆಡ್‌ರೂಮಿನ ಕನ್ನಡಿ. ಅಲ್ಲಿ ಬಿಳಿ ಪುಡಿ ಬರುತ್ತಿದೆ, ಮೈದಾ ಹಿಟ್ಟೇ. ಕನ್ನಡಿ 8 ಕೆಜಿ ತೂಗುತ್ತದೆ. ಏನು ಪ್ಲಗ್ ಹಾಕಲಿ?

ಮಲ್ಲೇಶ್ವರಂ_ಹಳೆಮನೆ:

ಎಎಸಿ ಹಾಗಾದರೆ. ಹ್ಯಾಮರ್ ಆಫ್, ಡ್ರಿಲ್ ಚಿತ್ರಕ್ಕೆ ತಿರುಗಿಸಿ. ಅಂಗಡಿಯಲ್ಲಿ ಎಎಸಿ ಬ್ಲಾಕಿಗೆ ಅಂತಲೇ ಕೇಳಿ, ಹೊರಗೆ ದಪ್ಪ ಸುರುಳಿ ರೆಕ್ಕೆ ಇರುವ ಪ್ಲಗ್ ಕೊಡುತ್ತಾರೆ. ತೂತಿನ ಅಳತೆ ಅದರ ಪ್ಯಾಕೆಟ್ ಮೇಲೆ ಇರುತ್ತದೆ. ಒಂದೇ ಮೊಳೆಗೆ ನೇತುಹಾಕಬೇಡಿ, ಎರಡು ಕಡೆ ಹಿಡಿಸಿ. ಸ್ಕ್ರೂ ಹಾಕುವಾಗ ಈ ಸಲ ಕ್ಲಚ್ ನಂಬರ್ ಬೇಕು, 5ರಿಂದ ಶುರು ಮಾಡಿ. ಕಟಕಟ ಅಂದರೆ ಹೆದರಬೇಡಿ.